ಅಪ್‌ಡೇಟ್: ಕೊನೆಗೆ ವಾಲ್ ಥೊರಾನ್ಸ್‌ಗೆ ಹೋಗಿಬಂದೆವು

ಡಿಸೆಂಬರ್‌ನ ಸ್ಕೀ ರಜೆಗೆ ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಒಳ್ಳೆಯದಾ, ಫ್ರಾನ್ಸಿನ ವಾಲ್ ಥೊರಾನ್ಸ್ ಒಳ್ಳೆಯದಾ ಎಂದು ಕೇಳಿದ್ದೆ. ನಮ್ಮಲ್ಲಿ ಇಬ್ಬರು ಸ್ಕೀ ಕಟ್ಟಿದ್ದೇ ಇಲ್ಲ ಅಂತಲೂ ಹೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಮೊದಲು ಎತ್ತರ ನೋಡಿ" ಎಂಬ ಮಾತೇ ನಿರ್ಧಾರ ಮಾಡಿಸಿತು. ವಾಲ್ ಥೊರಾನ್ಸ್ ಊರೇ 2,300 ಮೀಟರ್ ಎತ್ತರದಲ್ಲಿದೆ. ಸೀಸನ್ ಶುರುವಿನಲ್ಲೂ ಬಾಗಿಲ ತನಕ ಹಿಮ ಇತ್ತು. ಸ್ಕೀ ಇಳಿಜಾರು ಎಷ್ಟು ಕಷ್ಟ ಅಂತ ಬಣ್ಣದಲ್ಲಿ ಗುರುತಿಸುತ್ತಾರೆ; ಫ್ರಾನ್ಸಿನಲ್ಲಿ ನೀಲಿಗಿಂತ ಸುಲಭದ ಹಸಿರು ಇಳಿಜಾರು ಬೇರೆ ಇರುತ್ತದಲ್ವಾ, ಹೊಸಬರಿಬ್ಬರೂ ಮೂರು ದಿನ ಅಲ್ಲೇ ಕಲಿತರು. ನಾಲ್ಕನೇ ದಿನ ನೀಲಿಯಲ್ಲಿ ಇಳಿದಾಗ ಅವರ ಮುಖ ನೋಡಬೇಕಿತ್ತು!

ಒಂದು ತೊಂದರೆ: ಅಷ್ಟು ಎತ್ತರದಲ್ಲಿ ಮರಗಳಿಲ್ಲ. ಮಂಜು ಕವಿದರೆ ನೆಲ, ಆಕಾಶ ಎರಡೂ ಬಿಳಿ. ಇಳಿಜಾರೇ ಕಾಣುವುದಿಲ್ಲ. ಅನುಭವ ಇರುವವರು ಪಕ್ಕದ ಕಣಿವೆಗಳೂ ಸೇರಿದ ಮೂರೂ ಕಣಿವೆಗಳ ಲಿಫ್ಟ್ ಪಾಸ್ ತೆಗೆದುಕೊಳ್ಳಿ. ಅಂಥ ದಿನ ಪಕ್ಕದ ಕಣಿವೆಯ ಮೆರಿಬೆಲ್ ಕಡೆಯ ಕಾಡಿಗೆ ಇಳಿಯಬಹುದು.