ಎಂ.ಎಸ್ಸಿ. ಬಾಟನಿ ಕಲಬುರಗಿಯಲ್ಲಿ, ಆಸೆ ಹಿಮಾಲಯದ ಗಿಡಗಳ ಮೇಲೆ. ದಾರಿ ಇದೆಯಾ?

ಆಳಂದದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂ.ಎಸ್ಸಿ. ಬಾಟನಿ ಎರಡನೇ ವರ್ಷದಲ್ಲಿದ್ದೇನೆ. ಊರು ಆಳಂದ ತಾಲ್ಲೂಕು. ಮನೆಯಲ್ಲಿ ತೊಗರಿ, ಕಡಲೆ ಬೆಳೆಯುತ್ತಾರೆ.

ಇಕಾಲಜಿ ಪೇಪರ್‌ನಲ್ಲಿ ಆಲ್ಪೈನ್ ಸಸ್ಯಗಳ ಪಾಠ ಬಂದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಒಂದು ಎತ್ತರ ದಾಟಿದ ಮೇಲೆ ಮರಗಳೇ ಇಲ್ಲ. ಅಲ್ಲಿಂದ ಮೇಲೆ ಗೇಣುದ್ದದ ಗಿಡಗಳು. ಹಿಮ ಕರಗಿದ ಕೆಲವೇ ತಿಂಗಳಲ್ಲಿ ಚಿಗುರಿ, ಹೂ ಬಿಟ್ಟು, ಬೀಜ ಉದುರಿಸಿ ಮುಗಿಸಬೇಕು. ಪಿಎಚ್‌.ಡಿ. ಮಾಡಿದರೆ ಇದರಲ್ಲೇ ಮಾಡಬೇಕು ಅನಿಸಿದೆ.

ಮನೆಯಲ್ಲಿ ಅಪ್ಪ ಬಿ.ಎಡ್. ಮಾಡು ಅಂತಾರೆ. ಹಾಸ್ಟೆಲ್ ಗೆಳತಿಯರು "ನಮ್ಮಲ್ಲಿ ಗುಡ್ಡನೇ ಇಲ್ಲ, ನೀ ಯಾವ ಗುಡ್ಡದ ಗಿಡ ಓದ್ತೀ?" ಅಂತ ನಗ್ತಾರೆ. ನಾನು ಹಿಮ ನೋಡಿದ್ದು ಟಿವಿಯಲ್ಲಿ ಮಾತ್ರ. ಹೊರಗಿನ ವಿಶ್ವವಿದ್ಯಾಲಯಗಳು ನಮ್ಮಂಥವರನ್ನು ತೆಗೆದುಕೊಳ್ತಾವಾ? ಈ ಸಲದ ಪ್ರಾಜೆಕ್ಟ್‌ಗೆ ಏನು ವಿಷಯ ಇಟ್ಟುಕೊಂಡರೆ ಮುಂದೆ ಉಪಯೋಗ ಆಗುತ್ತೆ? ಫೀಲ್ಡ್‌ನಲ್ಲಿ ಹೆಣ್ಣುಮಕ್ಕಳಿಗೆ ಹೇಗಿರುತ್ತೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಸೇಡಂ ರೋಡ್:

ಮೊದಲು ನೆಟ್ ಪಾಸ್ ಮಾಡಿ, ಸಂಶೋಧನೆಗೆ, ಅಧ್ಯಾಪನಕ್ಕೆ ಇರುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಅದು. ಸಿಎಸ್‌ಐಆರ್ ಲೈಫ್ ಸೈನ್ಸಸ್‌ನಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬಂದರೆ ತಿಂಗಳಿಗೆ 37,000 ರೂಪಾಯಿ, 2023ರಿಂದ ಈ ದರ. ದುಡ್ಡು ನಿಮ್ಮದೇ ಇದ್ದರೆ ಯಾವ ಗೈಡ್ ಆದರೂ ಮಾತಾಡಿಸ್ತಾರೆ. ಜೆಆರ್‌ಎಫ್ ಇಲ್ಲದೆ ಹಿಮಾಲಯ ಅಂದರೆ ಅಪ್ಪನ ಜೇಬಿನ ಮೇಲೆ ಹಿಮಾಲಯ. ಬೇಜಾರು ಮಾಡ್ಕೋಬೇಡಿ.

ಭಾಲ್ಕಿ ಅಕ್ಕ:

ತಂಗೀ, ನಾನು ಬೀದರ್ ಜಿಲ್ಲೆಯವಳು. ಓದಿದ್ದು ಕಲಬುರಗಿಯಲ್ಲೇ. ಆಮೇಲೆ ಒಂದು ಪ್ರಾಜೆಕ್ಟ್‌ನಲ್ಲಿ ಸಹಾಯಕಿಯಾಗಿ ಉತ್ತರಾಖಂಡದ ಗಡ್ವಾಲ್ ಕಡೆ ಕೆಲಸ ಮಾಡಿದೆ. ಈಗ ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಸೇಡಂ ರೋಡ್ ಅವರು ಹೇಳಿದ ದುಡ್ಡಿನ ಮಾತು ನಿಜ. ಆದರೆ ಜೆಆರ್‌ಎಫ್ ಇದ್ದೂ ಮೊದಲ ಮಳೆಗಾಲಕ್ಕೇ ಇಳಿದು ಬಂದವರನ್ನು ನೋಡಿದ್ದೇನೆ. ಆ ಕೆಲಸ ಏನು ಅಂತ ಗೊತ್ತಿಲ್ಲದೆ ಹೋದವರು ಅವರು. ಹಾಗಾಗಿ ಕೆಲಸದ ಬಗ್ಗೆನೇ ಬರೆಯುತ್ತೇನೆ, ಉದ್ದ ಆದರೆ ಕ್ಷಮಿಸು.

ಗಡ್ವಾಲ್ ವಿಶ್ವವಿದ್ಯಾಲಯ ಇರೋದು ಉತ್ತರಾಖಂಡದ ಶ್ರೀನಗರದಲ್ಲಿ. ಕಾಶ್ಮೀರದ್ದಲ್ಲ, ಅಲಕನಂದಾ ದಂಡೆಯ ಊರು. ಎತ್ತರ ಸುಮಾರು 560 ಮೀಟರ್. ಅಂದರೆ ನಮ್ಮ ಬೀದರ್‌ಗಿಂತ ಕೆಳಗೆ! ಬೇಸಿಗೆಯಲ್ಲಿ ಅಲ್ಲಿಯೂ ಫ್ಯಾನ್ ಬೇಕು. ಎತ್ತರ ಪ್ರದೇಶದ ಸಸ್ಯಗಳ ಶರೀರಕ್ರಿಯೆ ಅಧ್ಯಯನಕ್ಕೆ ಅಂತಲೇ ಆ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಒಂದು ಕೇಂದ್ರ ಶುರುವಾಯಿತು. ಅದರ ಫೀಲ್ಡ್ ಸ್ಟೇಷನ್ ತುಂಗನಾಥದಲ್ಲಿದೆ, ಸುಮಾರು 3,600 ಮೀಟರ್ ಎತ್ತರದಲ್ಲಿ. ಚೋಪ್ತಾವರೆಗೆ ಗಾಡಿ ಹೋಗುತ್ತದೆ, ಅಲ್ಲಿಂದ ಮೇಲಕ್ಕೆ ನಡಿಗೆ. ಕಲಬುರಗಿ ಇರೋದು 450 ಮೀಟರ್ ಆಸುಪಾಸಿನಲ್ಲಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ ಹಾಕು. ಬರೀ ಎತ್ತರಕ್ಕೇ ಇಪ್ಪತ್ತು ಡಿಗ್ರಿ ವ್ಯತ್ಯಾಸ.

ದಾರಿಯಲ್ಲಿ ಮೊದಲು ಖರ್ಸು ಓಕ್ ಮರಗಳು. ಮೇಲೆ ಹೋದಂತೆ ಮರ ಕುಳ್ಳಾಗುತ್ತವೆ. ರೋಡೋಡೆಂಡ್ರಾನ್ ಕೂಡ ಕೆಳಗೆ ದೊಡ್ಡ ಮರ, ಮೇಲೆ ಬೇರೆ ಜಾತಿಯ ಪೊದೆ, ಕಾಂಡ ನೆಲಕ್ಕೆ ಬಾಗಿ ಮಲಗಿರುತ್ತದೆ. ಹಿಮದ ಭಾರ ತಡೆದು ತಡೆದು ಹಾಗಾಗಿರೋದು. ಅದನ್ನೂ ದಾಟಿದರೆ ಬುಗ್ಯಾಲ್, ಹುಲ್ಲುಗಾವಲು. ಮರಗಳು ಯಾಕೆ ಅಲ್ಲಿಗೇ ನಿಲ್ಲುತ್ತವೆ ಅನ್ನೋದಕ್ಕೆ ಸ್ವಿಟ್ಜರ್ಲೆಂಡ್‌ನ ಬಾಸೆಲ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಕ್ರಿಶ್ಚಿಯನ್ ಕೊರ್ನರ್ ಬೇರೆ ಬೇರೆ ಖಂಡಗಳ ಮಣ್ಣಿನ ತಾಪಮಾನ ಅಳೆದು ಉತ್ತರ ಹುಡುಕಿದರು. ಬೆಳೆಯುವ ಕಾಲದ ಸರಾಸರಿ 6 ಡಿಗ್ರಿ ಚಿಲ್ಲರೆ ಇರುವ ಕಡೆ ಮರಗಳ ಗೆರೆ ನಿಲ್ಲುತ್ತದೆ, ಯಾವ ದೇಶದ ಪರ್ವತವಾದರೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಚಳಿಯಾದರೆ ಮರ ಆಹಾರವನ್ನೇನೋ ತಯಾರಿಸುತ್ತದೆ, ಆದರೆ ಹೊಸ ಜೀವಕೋಶ ಕಟ್ಟೋಕೆ ಆಗೋದಿಲ್ಲ. ಗೇಣುದ್ದದ ಗಿಡಕ್ಕೆ ಹಾಗಲ್ಲ. ಅದು ಬಿಸಿಲಿಗೆ ಕಾದ ನೆಲಕ್ಕೆ ಅಂಟಿಕೊಂಡಿರುತ್ತದೆ. ಅದರ ಪಾಲಿಗೆ ಹವೆ ಬೇರೆಯೇ.

ಇಷ್ಟು ಓದೋಕೆ ಚೆನ್ನ. ಕೆಲಸ ಅಂದರೆ ಮಂಡಿಯೂರಿ ಕೂರೋದು. ನಾವು ಬಳಸಿದ್ದು ಗ್ಲೋರಿಯಾ ವಿಧಾನ, ಶಿಖರದ ಗಿಡಗಳನ್ನು ಎಲ್ಲ ಕಡೆ ಒಂದೇ ರೀತಿ ಎಣಿಸಿಡುವ ಕ್ರಮ. 2001ರಲ್ಲಿ ಯುರೋಪಿನಲ್ಲಿ ಶುರುವಾಗಿ ಈಗ ನಾನಾ ದೇಶಗಳ ಶಿಖರಗಳಲ್ಲಿ ನಡೆಯುತ್ತದೆ. ಶಿಖರದ ತುದಿಯಿಂದ 5 ಮೀಟರ್ ಕೆಳಗೆ, ನಾಲ್ಕೂ ದಿಕ್ಕಿಗೆ 3×3 ಮೀಟರ್ ಜಾಲ ಹಾಸಬೇಕು. ಅದರ ನಾಲ್ಕು ಮೂಲೆಯ ಒಂದೊಂದು ಮೀಟರ್ ಚೌಕ ಮಾತ್ರ ಲೆಕ್ಕಕ್ಕೆ. ನಡುವಿನ ಜಾಗ ನಾವು ತುಳಿದು ಹಾಳಾಗುತ್ತದಲ್ಲ, ಅದಕ್ಕೆ. ಪ್ರತಿ ಚೌಕದ ಒಳಗೆ ದಾರ ಕಟ್ಟಿ ನೂರು ಪುಟ್ಟ ಮನೆ ಮಾಡಿ, ಒಂದೊಂದರಲ್ಲೂ ಯಾವ ಜಾತಿ ಇದೆ ಅಂತ ಬರೆಯಬೇಕು. ಹತ್ತು ಸೆಂಟಿಮೀಟರ್ ಆಳದಲ್ಲಿ ತಾಪಮಾನ ದಾಖಲಿಸುವ ಪುಟ್ಟ ಸಾಧನ ಹೂತಿರುತ್ತದೆ. ಬೆಳಿಗ್ಗೆ ಬೇಗ ಶುರು ಮಾಡಬೇಕು, ಮಧ್ಯಾಹ್ನ ಆಗುತ್ತಿದ್ದಂತೆ ಮಂಜು ಏರಿ ಬರುತ್ತದೆ, ಹಿಂದೆಯೇ ಮಳೆ. ಒಬ್ಬರು ನೋಡಿ ಹೇಳೋದು, ಒಬ್ಬರು ಬರೆಯೋದು. "ಪೊಟೆಂಟಿಲ್ಲಾ, ಪೊಟೆಂಟಿಲ್ಲಾ, ಖಾಲಿ, ಕಲ್ಲು, ಅನಾಫಾಲಿಸ್, ಡ್ಯಾಂಥೋನಿಯಾ, ಡ್ಯಾಂಥೋನಿಯಾ..." ಹೀಗೆ ನೂರು ಸಲ. ಆಮೇಲೆ ಪಕ್ಕದ ಚೌಕ.

ಎಲ್ಲವೂ ಹೂ ಬಿಟ್ಟಿರೋದಿಲ್ಲ, ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ಎರಡು ಎಲೆ ನೋಡಿ ಜಾತಿ ಹೇಳಬೇಕು. ಹುಲ್ಲಾದರೆ ಎಲೆಯ ಬುಡದ ಪೊರೆ ನೋಡಿ. ನನಗೆ ಅಲ್ಲಿ ಮರ್ಯಾದೆ ಸಿಕ್ಕಿದ್ದು ಹುಲ್ಲು ಗೊತ್ತಿದ್ದಕ್ಕೆ. ಕಲಬುರಗಿಯಲ್ಲಿ ಇದ್ದದ್ದೇ ಹುಲ್ಲು, ಅದನ್ನೇ ಲೆನ್ಸ್ ಹಿಡಿದು ಬಿಡಿಸಿ ಬಿಡಿಸಿ ನೋಡಿದ್ದೆ. ಬೆಟ್ಟದ ಊರಿಂದ ಬಂದ ಕೆಲವರಿಗೆ ಹೂವಿನ ಹೆಸರೆಲ್ಲ ಬಾಯಿಪಾಠ, ಹುಲ್ಲು ಅಂದರೆ ಮುಖ ತಿರುಗಿಸುತ್ತಿದ್ದರು.

ಇಷ್ಟು ಕಷ್ಟಪಟ್ಟು ಎಣಿಸೋದು ಯಾಕೆ ಅಂದರೆ ಮುಂದೆ ಬರುವವರಿಗೆ. 1994ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಗಿಯೊರ್ಗ್ ಗ್ರಾಬ್‌ಹೆರ್ ಮತ್ತು ಜೊತೆಯವರು ನೇಚರ್ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಆಲ್ಪ್ಸ್‌ನ 3,000 ಮೀಟರ್ ದಾಟಿದ 26 ಶಿಖರಗಳಲ್ಲಿ ತಾವು ಕಂಡದ್ದನ್ನು ಹಳೇ ಕಾಲದ ಸಸ್ಯಶಾಸ್ತ್ರಜ್ಞರು ಅದೇ ಶಿಖರಗಳಲ್ಲಿ ಮಾಡಿಟ್ಟಿದ್ದ ಪಟ್ಟಿಗಳ ಜೊತೆ ಹೋಲಿಸಿದ್ದರು. ಕೆಳಗಿನ ಗಿಡಗಳು ಮೇಲಕ್ಕೆ ಹತ್ತುತ್ತಿವೆ ಅಂತ ಗೊತ್ತಾಯಿತು. 2018ರಲ್ಲಿ ಯುರೋಪಿನ 302 ಶಿಖರಗಳ ಲೆಕ್ಕ ಬಂತು, ಹತ್ತುವ ವೇಗ ಇನ್ನೂ ಜಾಸ್ತಿಯಾಗಿದೆ ಅಂತ. ಹಳಬರು ಪಟ್ಟಿಯಲ್ಲಿ ಸುಮ್ನೆ "ಹುಲ್ಲು, ಕೆಲವು ಹೂಗಿಡ" ಅಂತ ಬರೆದು ಇಳಿದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಕೇಳಿದ್ದೀ. ನೇರ ಹೇಳ್ತೀನಿ. ಊರಿನವರು ಒಳ್ಳೆಯವರು, ಹುಲ್ಲು ಕೊಯ್ಯೋಕೆ ಹೋಗುವ ಹೆಂಗಸರು ನಮಗಿಂತ ಚೆನ್ನಾಗಿ ಬೆಟ್ಟ ಬಲ್ಲರು. ತೊಂದರೆ ಶೌಚಾಲಯದ್ದು, ಮುಟ್ಟಿನ ದಿನಗಳದ್ದು, ಒದ್ದೆ ಬಟ್ಟೆ ಒಣಗದಿರೋದು. ತಂಡದಲ್ಲಿ ಇನ್ನೊಬ್ಬ ಹೆಣ್ಣುಮಗಳು ಇದ್ದಾಳಾ ಅಂತ ಸೇರುವ ಮುಂಚೆ ಕೇಳು, ಸಂಕೋಚ ಬೇಡ. ಇನ್ನೊಂದು, ಪ್ರಾಜೆಕ್ಟ್ ಸಂಬಳ ತಿಂಗಳುಗಟ್ಟಲೆ ತಡ ಆಗೋದುಂಟು. ನನಗೂ ಆಗಿದೆ. ಕೈಯಲ್ಲಿ ಸ್ವಲ್ಪ ಇಟ್ಟುಕೊಂಡೇ ಹೋಗು.

ಚಿಂಚೋಳಿ ಮಾಸ್ತರ:

ಗುಡ್ಡನೇ ಇಲ್ಲ ಅಂದವರನ್ನು ನಮ್ಮ ಕಡೆ ಕಳಿಸಿ. ಗೊಟ್ಟಂಗೊಟ್ಟ, ಕುಂಚಾವರಂ ಕಡೆ ಬಂದು ನೋಡಲಿ. ಚಿಂಚೋಳಿ ವನ್ಯಜೀವಿ ಧಾಮ 134 ಚದರ ಕಿಲೋಮೀಟರ್ ದಾಟುತ್ತದೆ, 2011ರಲ್ಲಿ ಘೋಷಣೆ ಆಯಿತು. ಒಳಗೆ ರಕ್ತಚಂದನ ಇದೆ. ಹಿಮಾಲಯ ಅಲ್ಲ, ಒಪ್ಪಿದೆ. ಆದರೆ ಏರು, ಇಳಿಜಾರು, ಹಳ್ಳ ಎಲ್ಲ ಇದೆ.

ಒಂದು ಎಚ್ಚರಿಕೆ. ಧಾಮದೊಳಗೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಒಂದು ಎಲೆ ಕೂಡ ಕೀಳಬಾರದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ವಿಭಾಗದ ಪತ್ರ ತಂದು ಮೊದಲೇ ಅರ್ಜಿ ಹಾಕಬೇಕು, ಉತ್ತರ ಬರೋಕೆ ಟೈಮ್ ಹಿಡಿಯುತ್ತದೆ. ಈ ಸೆಮಿಸ್ಟರ್‌ನಲ್ಲೇ ಮುಗಿಸಬೇಕು ಅಂದರೆ ಯಾದಗಿರಿ ಕಡೆ ಧಾಮದ ಹೊರಗಿನ ಬಂಡೆಗುಡ್ಡ ಯಾವುದಾದರೂ ನೋಡಿಕೊಳ್ಳಮ್ಮ. ಜಾಗ ಯಾರದು ಅಂತ ವಿಚಾರಿಸಿ ಕೇಳಿಕೊಂಡು ಹೋಗು. ಕೋಟೆ ಇರುವ ಗುಡ್ಡ ಬೇಡ, ಅಲ್ಲಿ ಬೇರೆ ಇಲಾಖೆಯವರು ಬರ್ತಾರೆ.

ಆಳಂದದ ಹುಡುಗಿ:

ಅಕ್ಕಾ, ಮಾಸ್ತರ್ ಸರ್, ತುಂಬಾ ಥ್ಯಾಂಕ್ಸ್. ಬಂಡೆಗುಡ್ಡದ ಮೇಲೆ ಅದೇ ನಾಲ್ಕು ದಿಕ್ಕಿನ ವಿಧಾನ ಮಾಡಬಹುದಾ? ಗೈಡ್ ಮೇಡಂ ಕೇಳ್ತಾರೆ, "ಅದರಲ್ಲಿ ಹೊಸದೇನು?" ಅಂತ. ಮತ್ತೆ, ಅಪ್ಪನಿಗೆ ಇದರಿಂದ ರೈತರಿಗೆ ಏನು ಉಪಯೋಗ ಅಂತ ಹೇಳಬೇಕು. ನಗಬೇಡಿ, ಅವರು ಕೇಳೋದೇ ಅದು.

ಭಾಲ್ಕಿ ಅಕ್ಕ:

ನಗೋದೇನಿದೆ, ಸರಿಯಾದ ಪ್ರಶ್ನೆ. ಅಪ್ಪನನ್ನು ಕಲಬುರಗಿಯ ಯಾವುದಾದರೂ ಗಿಡಮೂಲಿಕೆ ಅಂಗಡಿಗೆ ಕರೆದುಕೊಂಡು ಹೋಗು. ಕಟುಕರೋಹಿಣಿ ಕೊಡಿ ಅಂತ ಕೇಳು. ಬೂದು ಬಣ್ಣದ, ಸುಕ್ಕುಗಟ್ಟಿದ ಸಣ್ಣ ಕಡ್ಡಿ ಕೊಡ್ತಾರೆ, ಒಂದು ತುದಿಯಲ್ಲಿ ಒಣಗಿದ ಎಲೆಬುಡದ ಹುರುಪೆ ಅಂಟಿರುತ್ತದೆ. ಮುರಿದರೆ ಒಳಗೆ ಕಪ್ಪು. ನಾಲಿಗೆಗೆ ತಾಗಿಸಿದರೆ ಸಂಜೆವರೆಗೂ ಕಹಿ ಹೋಗಲ್ಲ. ಅದು ಬರೋದು 3,000 ಮೀಟರ್ ಮೇಲಿನ ಹಿಮಾಲಯದಿಂದ. ಕಾಡಿನಲ್ಲಿ ಬೇರುಸಮೇತ ಕಿತ್ತು ಕಿತ್ತು ಖಾಲಿಯಾಗುತ್ತಾ ಬಂದು, ಈಗ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಜಟಾಮಾಂಸಿಯೂ ಅಷ್ಟೇ. ಗಡ್ವಾಲ್ ಕೇಂದ್ರದವರು ಕಟುಕರೋಹಿಣಿ, ಅತಿವಿಷ ಇಂಥವನ್ನು ಹೊಲದಲ್ಲಿ ಬೆಳೆಯುವ ವಿಧಾನದ ಮೇಲೆ ಕೆಲಸ ಮಾಡಿದ್ದಾರೆ. ಚಮೋಲಿ ಜಿಲ್ಲೆಯ ಬೆಟ್ಟದ ಹಳ್ಳಿಗಳಲ್ಲಿ ರೈತರು ಬೆಳೆದು ಮಾರುತ್ತಿದ್ದಾರೆ. ತೊಗರಿ ಬೆಳೆಯುವವರಿಗೆ ಇದು ಬೇಗ ಅರ್ಥ ಆಗುತ್ತದೆ, ನೋಡು.

ಇನ್ನು ಪ್ರಾಜೆಕ್ಟ್. ಗೈಡ್ ಕೇಳಿದರೆ ಸೂರ್ಯನ ಕಥೆ ಹೇಳು. ಗಡ್ವಾಲ್ ಇರೋದು 30 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ. ಹಾಗಾಗಿ ದಕ್ಷಿಣದ ಇಳಿಜಾರು ಒಣ, ಉತ್ತರದ್ದು ತಂಪು, ಎರಡೂ ಕಡೆ ಗಿಡಗಳೇ ಬೇರೆ. ನಾವಿರೋದು 17 ಡಿಗ್ರಿಯಲ್ಲಿ. ಮೇ ಎರಡನೇ ವಾರ ಮತ್ತು ಆಗಸ್ಟ್ ಮೊದಲ ವಾರ ಸೂರ್ಯ ನಮ್ಮ ನೆತ್ತಿಯ ಮೇಲೆ. ನಡುವಿನ ಮೂರು ತಿಂಗಳು ಉತ್ತರಕ್ಕೆ ವಾಲಿರುತ್ತಾನೆ, ಆಮೇಲೆ ದಕ್ಷಿಣಕ್ಕೆ. ಅಂದರೆ ಮುಂಗಾರು ಶುರುವಿನಲ್ಲಿ ಉತ್ತರದ ಇಳಿಜಾರಿಗೆ ಬಿಸಿಲು ಜಾಸ್ತಿ, ಹಿಂಗಾರಿನಲ್ಲಿ ದಕ್ಷಿಣದ್ದಕ್ಕೆ. ಹೀಗಿದ್ದಾಗ ನಮ್ಮ ಗುಡ್ಡದಲ್ಲಿ ನಾಲ್ಕು ದಿಕ್ಕಿನ ಗಿಡಗಳಲ್ಲಿ ವ್ಯತ್ಯಾಸ ಇದೆಯಾ? ಇದ್ದರೆ ಬಿಸಿಲಿಗಾ, ಮಳೆಗಾಳಿಗಾ, ಮೇಕೆಗಾ? ಇದೇ ನಿನ್ನ ಪ್ರಾಜೆಕ್ಟ್. ವ್ಯತ್ಯಾಸ ಇಲ್ಲ ಅಂತ ಬಂದರೂ ಅದು ಉತ್ತರವೇ. ಹಾಗೇ ಬರೆ, ತಿದ್ದಬೇಡ.

ಬಂಡೆಯ ಮೇಲೆ ಟ್ರೈಪೊಗಾನ್ ಹುಲ್ಲು ಸಿಗುತ್ತಾ ಹುಡುಕು. ಬೇಸಿಗೆಯಲ್ಲಿ ಸತ್ತ ಹುಲ್ಲಿನ ಥರ ಸುರುಟಿರುತ್ತದೆ, ಮಳೆ ಬಿದ್ದರೆ ಅದೇ ಎಲೆ ಮತ್ತೆ ಹಸಿರಾಗುತ್ತದೆ. ಚಳಿ ತಡೆಯುವ ಗಿಡಕ್ಕೂ ಒಣ ತಡೆಯುವ ಗಿಡಕ್ಕೂ ಜೀವಕೋಶದ ಮಟ್ಟದಲ್ಲಿ ಒಂದೇ ಪೇಚಾಟ, ಹೆಪ್ಪುಗಟ್ಟಿಯೋ ಒಣಗಿಯೋ ನೀರು ಕೈಗೆ ಸಿಗದೇ ಹೋಗೋದು. ಇಂಟರ್ವ್ಯೂನಲ್ಲಿ ಇದನ್ನು ಕೇಳ್ತಾರೆ.

ರಜೆಯಲ್ಲಿ ಆದರೆ ಸೊಲ್ಲಾಪುರದ ಮೇಲೆ ಸಾತಾರಕ್ಕೆ ಹೋಗಿ ಕಾಸ್ ನೋಡಿ ಬಾ. ಸುಮಾರು 1,200 ಮೀಟರ್ ಎತ್ತರದ ಜಂಬಿಟ್ಟಿಗೆ ಬಯಲು, ಸೆಪ್ಟೆಂಬರ್‌ನಲ್ಲಿ ಹೂವು. ಮುಳ್ಳಯ್ಯನಗಿರಿಗೂ ಹೋಗಬಹುದು, ಆದರೆ ನಮಗೆ ಕಾಸ್ ಹತ್ತಿರ. ಜನ ಫೋಟೋಗೆ ನಿಂತಿರ್ತಾರೆ, ನೀನು ಕೆಳಗೆ ನೋಡು.

ಸೇಡಂ ರೋಡ್:

ಅಕ್ಕ ಹೇಳಿದ್ದು ಒಪ್ಪಿದೆ. ಆದರೂ ನೆಟ್ ಅರ್ಜಿ ಹಾಕೋದು ಮರೀಬೇಡಿ.

ಚಿಂಚೋಳಿ ಮಾಸ್ತರ:

ಯಾದಗಿರಿಗೆ ಹೋಗುವಾಗ ಒಬ್ಬಳೇ ಹೋಗಬೇಡಮ್ಮ, ಬಂಡೆ ಸಂದಿಯಲ್ಲಿ ಹಾವು ಇರ್ತಾವೆ. ಕಿತ್ತ ಗಿಡ ಒತ್ತಿ ಒಣಗಿಸೋಕೆ ಹಳೇ ಪೇಪರ್ ಜಾಸ್ತಿ ಒಯ್ಯಿ. ಮಳೆಗಾಲದ ಗಿಡ ಬೇಗ ಬೂಸ್ಟು ಹಿಡಿಯುತ್ತದೆ, ಮೊದಲ ವಾರ ದಿನಾ ಪೇಪರ್ ಬದಲಿಸಬೇಕು. ಲೇಬಲ್ ಪೆನ್ಸಿಲ್‌ನಲ್ಲಿ ಬರೆ, ಪೆನ್ನಿನ ಶಾಯಿ ಹರಡುತ್ತದೆ.