ಪದಚರ್ಚೆ: ಬೊಲಿವಿಯಾದ ‘ಪ್ಲುರಿನಾಸಿಯೊನಾಲ್’ ಮತ್ತು ‘ಇಂದಿಹೆನಾ ಒರಿಹಿನಾರಿಯೊ ಕಾಂಪೆಸಿನೊ’

ಪ್ರಶ್ನೆ

ಮಾನ್ಯರೇ, ಬೊಲಿವಿಯಾದ 2009ರ ಸಂವಿಧಾನದ ಕೆಲವು ವಿಧಿಗಳನ್ನು ಸ್ಪ್ಯಾನಿಷ್ ಮೂಲದಿಂದ ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಎರಡು ತೊಡಕುಗಳಿವೆ. ದೇಶದ ಹೆಸರು ‘ಎಸ್ತಾದೊ ಪ್ಲುರಿನಾಸಿಯೊನಾಲ್’. ಇದಕ್ಕೆ ‘ಬಹುರಾಷ್ಟ್ರೀಯ ರಾಜ್ಯ’ ಸರಿಯೇ? 2ನೇ ವಿಧಿಯಲ್ಲಿ ‘ಇಂದಿಹೆನಾ ಒರಿಹಿನಾರಿಯೊ ಕಾಂಪೆಸಿನೊಸ್’ ಎಂಬ ಮೂರು ಪದಗಳು ಒಟ್ಟಿಗೆ ಬರುತ್ತವೆ. ಕರಡಿನಲ್ಲಿ ಸದ್ಯ ‘ಆದಿವಾಸಿ, ಮೂಲನಿವಾಸಿ ಮತ್ತು ರೈತ ಸಮುದಾಯಗಳು’ ಎಂದಿದೆ. ಅಲ್ಪವಿರಾಮ, ‘ಮತ್ತು’ ಉಳಿಯಬಹುದೇ?

ಉತ್ತರ

‘ಬಹುರಾಷ್ಟ್ರೀಯ’ ಬೇಡ. ಆ ಪದ ಕಂಪನಿಗಳ ಪಾಲಾಗಿ ಬಹಳ ಕಾಲವಾಯಿತು. ಹಲವು ದೇಶಗಳಲ್ಲಿ ಹರಡಿರುವ ಒಂದು ಸಂಸ್ಥೆ ಎಂದು ಓದುಗರು ತಿಳಿಯುತ್ತಾರೆ. ಬೊಲಿವಿಯಾದ ಮಾತು ಅದಕ್ಕೆ ತದ್ವಿರುದ್ಧ, ಒಂದೇ ದೇಶದೊಳಗೆ ಹಲವು ರಾಷ್ಟ್ರಗಳು. ‘ರಾಜ್ಯ’ವೂ ತಪ್ಪು ದಾರಿಗೆಳೆಯುತ್ತದೆ. ಭಾರತ ರಾಜ್ಯಗಳ ಒಕ್ಕೂಟವಾದ್ದರಿಂದ ರಾಜ್ಯ ಎಂದರೆ ನಮಗೆ ಕರ್ನಾಟಕ, ಕೇರಳ. ಬೊಲಿವಿಯಾ ಒಕ್ಕೂಟವಲ್ಲ, ಅದು ಏಕೀಕೃತ ಎಂದು 1ನೇ ವಿಧಿಯೇ ಹೇಳುತ್ತದೆ. ಸಮಾಜವಿಜ್ಞಾನದ ಬರಹಗಳಲ್ಲಿ ಈಗಾಗಲೇ ನೆಲೆಯೂರಿರುವ ‘ಪ್ರಭುತ್ವ’ ಇಲ್ಲಿಗೆ ಒಪ್ಪುತ್ತದೆ: ‘ಬಹುರಾಷ್ಟ್ರ ಪ್ರಭುತ್ವ’. (ಅಂದಹಾಗೆ, ಅಲ್ಲಿನ ಒಂಬತ್ತು ‘ದೆಪಾರ್ತಮೆಂತೊ’ಗಳು ಇಲಾಖೆಗಳಲ್ಲ, ಆಡಳಿತ ವಿಭಾಗಗಳು.)

‘ಬಹುಜನಾಂಗೀಯ’, ‘ಬಹುಸಂಸ್ಕೃತಿಯ’ ಎಂಬ ಪದಗಳನ್ನು ಇಲ್ಲಿ ಖರ್ಚು ಮಾಡಬೇಡಿ, ಅವು 1994ರ ತಿದ್ದುಪಡಿಗೆ ಬೇಕು. ಸಾಂಚೆಸ್ ದೆ ಲೊಸಾದಾ ಅಧ್ಯಕ್ಷರಾಗಿ, ಐಮಾರಾ ಜನಾಂಗದ ನಾಯಕ ವಿಕ್ತೊರ್ ಊಗೊ ಕಾರ್ದೆನಾಸ್ ಉಪಾಧ್ಯಕ್ಷರಾಗಿದ್ದಾಗ ಸಂವಿಧಾನಕ್ಕೆ ಸೇರಿದ್ದು ಆ ಎರಡು ಮಾತುಗಳು. ಆಗ ಮನ್ನಣೆ ಸಿಕ್ಕಿದ್ದು ಮುಖ್ಯವಾಗಿ ಭಾಷೆಗೆ, ಆಚಾರಕ್ಕೆ, ಸಮುದಾಯದ ಜಮೀನಿಗೆ. 2009ರ ಪಠ್ಯ ಸ್ವಯಂನಿರ್ಣಯದ ಹಕ್ಕನ್ನೇ ಹೇಳುತ್ತದೆ. 5ನೇ ವಿಧಿ ಸ್ಪ್ಯಾನಿಷ್ ಜೊತೆಗೆ 36 ಭಾಷೆಗಳನ್ನು ಹೆಸರಿಸಿ ಅಧಿಕೃತಗೊಳಿಸುತ್ತದೆ. 179ನೇ ವಿಧಿ ಸಮುದಾಯದ ನ್ಯಾಯಪದ್ಧತಿಯನ್ನು ಸಾಮಾನ್ಯ ನ್ಯಾಯಾಲಯಗಳಿಗೆ ಸರಿಸಮವಾಗಿ ನಿಲ್ಲಿಸುತ್ತದೆ. ಆದರೆ ನ್ಯಾಯವ್ಯಾಪ್ತಿಗಳ ಗಡಿ ಗುರುತಿಸಿದ 2010ರ ಕಾನೂನು ಅನೇಕ ಬಗೆಯ ಪ್ರಕರಣಗಳನ್ನು ಆ ವ್ಯಾಪ್ತಿಯಿಂದ ಹೊರಗಿಟ್ಟಿತು. ಸಂವಿಧಾನ ಕೊಟ್ಟ ಸಮಾನತೆಯನ್ನು ಒಂದು ಸಾದಾ ಕಾನೂನು ಕಿರಿದಾಗಿಸಿತು ಎಂಬ ಟೀಕೆ ಸರಿಯಾದದ್ದು. 1994, 2009 ಎರಡೂ ಘಟ್ಟಗಳಿಗೆ ಒಂದೇ ಪದ ಹಾಕಿದರೆ ಈ ಹದಿನೈದು ವರ್ಷಗಳ ಹೋರಾಟ ಕನ್ನಡದಲ್ಲಿ ಕಾಣದೇ ಹೋಗುತ್ತದೆ.

ಇನ್ನು ಮೂರು ಪದಗಳ ವಿಷಯ. ಅಲ್ಪವಿರಾಮವನ್ನೂ ‘ಮತ್ತು’ವನ್ನೂ ತೆಗೆಯಲೇಬೇಕು. ಮೂಲದಲ್ಲಿ ಬಹುವಚನ ಕೊನೆಯ ಪದಕ್ಕೆ ಮಾತ್ರ ಇದೆ, ಮೊದಲೆರಡು ಏಕವಚನದಲ್ಲಿವೆ. ಸ್ಪ್ಯಾನಿಷ್ ವ್ಯಾಕರಣಕ್ಕೆ ಇದು ಒಗ್ಗದ ರೂಪ, ಆದರೂ ಬೇಕೆಂದೇ ಹಾಗೆ ಬರೆದದ್ದು: ಮೂರು ಗುಂಪುಗಳಲ್ಲ, ಒಂದೇ ಹಕ್ಕುದಾರ.

ಪ್ರತಿ ಪದದ ಹಿಂದೆಯೂ ಒಂದು ಸಂಘಟನೆಯಿದೆ. 1952ರ ಕ್ರಾಂತಿಯ ನಂತರ, 1953ರ ಭೂಸುಧಾರಣೆಯೊಂದಿಗೆ, ಸರ್ಕಾರದ ಭಾಷೆ ‘ಇಂದಿಯೊ’ವನ್ನು ಕೈಬಿಟ್ಟು ‘ಕಾಂಪೆಸಿನೊ’ವನ್ನು ಹಿಡಿಯಿತು. ಜನಾಂಗದ ಹೆಸರು ಹೋಗಿ ವರ್ಗದ ಹೆಸರು ಬಂತು, ಹಳ್ಳಿಗಳಲ್ಲಿ ರೈತ ಸಂಘಗಳು ಎದ್ದವು. ಜಮೀನು ಸಿಕ್ಕಿತು, ಐಮಾರಾ, ಕೆಚುವಾ ಎಂಬ ಜನಾಂಗದ ಗುರುತು ಮಾತ್ರ ಮರೆಗೆ ಸರಿಯಿತು. 1970ರ ದಶಕದ ಐಮಾರಾ ಹೋರಾಟಗಾರರಾದ ಕತಾರಿಸ್ತರು ಇದನ್ನೇ ಪ್ರಶ್ನಿಸಿದರು: ಶೋಷಿತ ವರ್ಗವಾಗಿಯೂ ತುಳಿತಕ್ಕೊಳಗಾದ ಜನಾಂಗವಾಗಿಯೂ ನೋಡಬೇಕು, ಒಂದು ಕಣ್ಣು ಸಾಲದು ಎಂದರು. 1979ರಲ್ಲಿ ಹುಟ್ಟಿದ ರೈತ ಒಕ್ಕೂಟ ಅವರ ಮುಂದಾಳತ್ವದ್ದು. ಎತ್ತರದ ಪ್ರದೇಶದ ಐಯ್ಯು ಎಂಬ ಸಾಂಪ್ರದಾಯಿಕ ಸಮುದಾಯಗಳು ರೈತ ಸಂಘದ ಚೌಕಟ್ಟನ್ನೇ ಹೊರಗಿನದೆಂದು ಭಾವಿಸಿ ‘ಒರಿಹಿನಾರಿಯೊ’ ಎಂದುಕೊಂಡವು. 1997ರ ಕೊನಾಮಾಕ್ ಎಂಬ ಐಯ್ಯುಗಳ ಮಂಡಳಿ ಆ ಧಾರೆಯದು. ತಗ್ಗುನಾಡಿನವರು, 1990ರಲ್ಲಿ ಬೊಲಿವಿಯಾದೊಳಗಿನ ತ್ರಿನಿದಾದ್‌ನಿಂದ ಲಾಪಾಸ್‌ಗೆ ನಡೆದು ಬಂದವರು, ತಮ್ಮನ್ನು ಕರೆದುಕೊಂಡದ್ದು ‘ಇಂದಿಹೆನಾ’ ಎಂದು. 2006ರಲ್ಲಿ ಸುಕ್ರೆಯಲ್ಲಿ ಸಂವಿಧಾನ ಸಭೆ ಸೇರಿದಾಗ ಇವರೆಲ್ಲರ ‘ಐಕ್ಯ ಒಪ್ಪಂದ’ ಎಂಬ ಮೈತ್ರಿಕೂಟ ಒಂದೇ ಕರಡು ಮುಂದಿಟ್ಟಿತು. ತಮ್ಮ ಪದ ಬಿಟ್ಟುಕೊಡಲು ಯಾರೂ ಸಿದ್ಧರಿರಲಿಲ್ಲ, ಮೂರನ್ನೂ ಹೊಲಿದರು. ಆಗಿನ ಅಧ್ಯಕ್ಷ ಇವೊ ಮೊರಾಲೆಸ್ ಅವರ ಪಕ್ಷದ ಬಲವಿದ್ದದ್ದೂ ಈ ಹೊಲಿಗೆಯಲ್ಲಿಯೇ.

ಕೊನೆಯ ಪದಕ್ಕೆ ಮಾತ್ರ ‘ಗಳು’ ಹಚ್ಚುವುದು ಕನ್ನಡಕ್ಕೆ ಸಹಜ. ತೊಂದರೆ ಬರುವುದೂ ಅಲ್ಲೇ: ‘ಮರಗಿಡಬಳ್ಳಿಗಳು’ ಎಂಬಂತೆ ಮೂರು ಬೇರೆ ವಸ್ತುಗಳೆಂದು ಓದಿಬಿಡುತ್ತಾರೆ. ಅಡ್ಡಗೆರೆ ಹಾಕಿ, ಮೊದಲ ಸಲ ಬಂದಾಗ ‘ಎಂಬ ಒಂದೇ ವರ್ಗೀಕರಣ’ ಎಂದು ಅಡಿಟಿಪ್ಪಣಿ ಕೊಡಿ.

ಮರುಮಾತು

ಮೇಲಿನವರ ಮಾತನ್ನು ಒಪ್ಪುತ್ತೇನೆ, ಎರಡು ತಿದ್ದುಪಡಿಗಳೊಂದಿಗೆ. ‘ಮೂಲನಿವಾಸಿ’ ಭಾರತದ ಬಹುಜನ ಚಳವಳಿಯಲ್ಲಿ ಬೇರೆಯೇ ವಾದವನ್ನು ಹೊತ್ತ ಪದ. ಇಲ್ಲಿ ‘ಮೂಲಜನ’ ಎನ್ನುವುದು ಮೇಲು. ‘ಬುಡಕಟ್ಟು’ ಎಲ್ಲಿಯೂ ಬೇಡ. ಎಲ್ ಆಲ್ತೊದಂಥ ದೊಡ್ಡ ನಗರದ ಐಮಾರಾ ವ್ಯಾಪಾರಿಗೆ ಅದು ಸಲ್ಲುವುದಿಲ್ಲ.

ಎರಡನೆಯದು, ‘ತಿಯೆರ್ರಾ’ ಮತ್ತು ‘ತೆರ್ರಿತೋರಿಯೊ’. ಎರಡಕ್ಕೂ ‘ಭೂಮಿ’ ಬರೆದರೆ ದೊಡ್ಡ ಜಗಳವೇ ಅಳಿಸಿಹೋಗುತ್ತದೆ. ಮೊದಲನೆಯದು ‘ಜಮೀನು’, ಉಳುವವನಿಗೆ ಬೇಕಾದ ಹಿಡುವಳಿ. ಎರಡನೆಯದು ‘ನಾಡು’: ಮಾರಲಾಗದ, ಪಾಲು ಮಾಡಲಾಗದ, ಸ್ವಂತ ಆಡಳಿತವಿರುವ ನೆಲೆ. ಆ ಕಾರಣಕ್ಕೇ ದೇಶದ ಹೆಸರಿಗೆ ‘ಬಹುನಾಡು’ ಸೂಚಿಸುವವರಿಗೆ ನನ್ನ ತಕರಾರು.

ಜೊತೆಗೊಂದು ಮಾತು: ‘ಇಂತೆರ್ಕುಲ್ತುರಾಲೆಸ್’ ಸಮುದಾಯಗಳನ್ನು ‘ಅಂತರಸಾಂಸ್ಕೃತಿಕ’ ಎನ್ನಬೇಡಿ. ಎತ್ತರದಿಂದ ತಗ್ಗಿಗೆ ಬಂದು ನೆಲೆಸಿದ ಕೃಷಿಕರು ಅವರು, ಮೊದಲಿನ ಹೆಸರು ‘ಕೊಲೊನಿಸಾದೊರೆಸ್’. ‘ವಲಸೆ ಕೃಷಿಕರು’ ಎಂದರೆ ಸಾಕು. 2011ರಲ್ಲಿ ತಗ್ಗುನಾಡಿನ ತಿಪ್ನಿಸ್ ಎಂಬ ಮೀಸಲು ನಾಡಿನ ನಡುವೆ ಹೆದ್ದಾರಿ ಹಾಯಿಸಲು ಸರ್ಕಾರ ಹೊರಟಾಗ ರಸ್ತೆ ಬೇಕೆಂದವರಲ್ಲಿ ಕೋಕಾ ಬೆಳೆಯುವ ಇಂಥ ವಲಸೆಗಾರರಿದ್ದರು, ವಿರೋಧಿಸಿ ನಡೆದವರು ತಗ್ಗುನಾಡಿನ ಜನ. ಸೆಪ್ಟೆಂಬರ್ 25ರಂದು ಚಾಪರಿನಾದಲ್ಲಿ ಪೊಲೀಸರು ನಡಿಗೆಯವರ ಮೇಲೆ ಎರಗಿದರು. ಐಕ್ಯ ಒಪ್ಪಂದ ಒಡೆಯಿತು. ಜಮೀನು ಕೇಳುವವರೂ ನಾಡು ಕೇಳುವವರೂ ಬೇರೆಯಾದದ್ದು ಹೀಗೆ, ಸಂವಿಧಾನದಲ್ಲಿ ಮಾತ್ರ ಅವರು ಒಂದೇ ಪದದೊಳಗಿದ್ದಾರೆ.

2ನೇ ವಿಧಿಯ ಮೊದಲ ಭಾಗಕ್ಕೆ ನನ್ನ ಸೂಚನೆ: ‘ಆದಿವಾಸಿ-ಮೂಲಜನ-ರೈತ ರಾಷ್ಟ್ರಗಳೂ ಜನಸಮುದಾಯಗಳೂ ವಸಾಹತಿಗಿಂತ ಮೊದಲೇ ಇದ್ದುದರಿಂದ, ತಮ್ಮ ನಾಡುಗಳ ಮೇಲೆ ಅವುಗಳಿಗೆ ಪೂರ್ವಿಕರ ಕಾಲದ ಒಡೆತನವಿರುವುದರಿಂದ, ಪ್ರಭುತ್ವದ ಏಕತೆಯ ಚೌಕಟ್ಟಿನೊಳಗೆ ಅವುಗಳ ಸ್ವಯಂನಿರ್ಣಯಕ್ಕೆ ಖಾತರಿಯಿದೆ.’ ‘ಏಕತೆಯ ಚೌಕಟ್ಟಿನೊಳಗೆ’ ಎಂಬುದನ್ನು ವಾಕ್ಯ ಹಗುರಾಗಲೆಂದು ಬಿಟ್ಟರೆ ಪ್ರತ್ಯೇಕತೆಯ ಹಕ್ಕು ಎಂಬ ಅರ್ಥ ಬಂದುಬಿಡುತ್ತದೆ, ಅದು ಮೂಲದಲ್ಲಿಲ್ಲ.