ಮೇಷ್ಟ್ರನ್ನು ಕೇಳಿ: ಈ ವಾರ ಶೇಕಡಾ ಲೆಕ್ಕ

ಸಾಗರದ ಪಾತ್ರೆ ಅಂಗಡಿ: ಸರ್, ₹500ರ ಕುಕ್ಕರಿಗೆ ಶೇ. 20 ಏರಿಸಿದ್ದೆ. ಹಬ್ಬಕ್ಕೆ ಶೇ. 20 ಬಿಟ್ಟೆ. ಹಳೇ ಬೆಲೆಗೇ ಬರಬೇಕಲ್ವಾ? ₹480 ಆಗಿದೆ.

ಮೇಷ್ಟ್ರು: ಬರುವುದಿಲ್ಲ. ಏರಿಸಿದ್ದು 500ರ ಮೇಲೆ, ಬಿಟ್ಟಿದ್ದು 600ರ ಮೇಲೆ. ಶೇಕಡಾವನ್ನು ಕೂಡಿ ಕಳೆಯಬೇಡಿ, ಗುಣಿಸಿ. ಏರಿಕೆಗೆ 1.20, ಇಳಿಕೆಗೆ 0.80. ಎರಡನ್ನೂ ಗುಣಿಸಿದರೆ 0.96.

ತೀರ್ಥಹಳ್ಳಿ ತೋಟ: ಮೇಷ್ಟ್ರೇ, ಅರ್ಧ ಒಣಗಿದ ಕಾಳುಮೆಣಸು 200 ಕೆಜಿ ತೂಗಿ ಕೆಲಸದವನಿಗೆ ಒಪ್ಪಿಸಿದ್ದೆ. ಮೀಟರಿನಲ್ಲಿ ತೇವ ಶೇ. 20 ಇತ್ತು. ಈಗ ಶೇ. 10. ಹತ್ತು ಪರ್ಸೆಂಟ್ ಹೋದರೆ 180 ಉಳಿಯಬೇಕು. 178ಕ್ಕೂ ಒಂಚೂರು ಕಮ್ಮಿ ಇದೆ. ಎರಡು ಕೆಜಿ ಎಲ್ಲಿ ಅಂತ ಅವನನ್ನು ಕೇಳಿದ್ದೇನೆ.

ಮೇಷ್ಟ್ರು: ಅಯ್ಯೋ, ಕೇಳಿಯೇಬಿಟ್ಟಿರಾ? ನೀರನ್ನು ಬಿಡಿ, ಕಾಳಿನ ಗಟ್ಟಿ ಅಂಶ ಹಿಡಿಯಿರಿ. ತೇವ ಶೇ. 20 ಇದ್ದಾಗ ಗಟ್ಟಿ 200 × 0.80, ಅಂದರೆ 160 ಕೆಜಿ. ಬಿಸಿಲಿಗೆ ನೀರು ಹಾರುತ್ತದೆ, ಈ 160 ಹಾಗೇ ಇರುತ್ತದೆ. ಈಗಿನ ಶೇ. 10 ತೇವ ಇದೆಯಲ್ಲ, ಅದು ಒಣಗಿದ ತೂಕದ್ದು. ಹಳೇ 200ರದ್ದಲ್ಲ. ನೀವು ಎಡವಿದ್ದು ಇಲ್ಲೇ. ಒಣಗಿದ ತೂಕ × 0.90 = 160. 160ನ್ನು 0.90ರಿಂದ ಭಾಗಿಸಿದರೆ 177.8. ನಿಮ್ಮ ತಕ್ಕಡಿ ಹೇಳಿದ್ದೂ ಅದೇ. ಹೋಗಿದ್ದು 22.2 ಕೆಜಿ, ಪೂರ್ತಿ ನೀರು. ಒಂದು ಕಾಳೂ ಕಳವಾಗಿಲ್ಲ. ಇವತ್ತೇ ಹೋಗಿ ಅವನ ಹತ್ತಿರ ಮಾತಾಡಿ, ಫೋನಿನಲ್ಲಿ ಬೇಡ.

ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿ: (ಫಾರ್ವರ್ಡ್) ಜಿಎಸ್‌ಟಿ ಸೇರಿದ ಬಿಲ್ಲಿನಿಂದ ಶೇ. 18 ಕಳೆಯಿರಿ, ಅಸಲು ಬೆಲೆ ಸಿಗುತ್ತದೆ! ಹತ್ತು ಜನಕ್ಕೆ ಕಳಿಸಿ.

ಮೇಷ್ಟ್ರು: ಕಳಿಸಿ ಹತ್ತು ಜನರ ಲೆಕ್ಕ ಕೆಡಿಸಬೇಡಿ. ₹1,180ರಲ್ಲಿ ಶೇ. 18 ಕಳೆದರೆ ₹967.60. ಅಸಲು ₹1,000. 1.18ರಿಂದ ಭಾಗಿಸಬೇಕು. ಇಂಥದ್ದನ್ನು ಇಲ್ಲಿ ಹಾಕಬೇಡಿ ಅಂತ ಎಷ್ಟು ಸಲ ಹೇಳಲಿ?

ಹೊಸನಗರ: ಸರ್, ಕೈಸಾಲ ತೆಗೆದಿದ್ದೇನೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ. ವರ್ಷಕ್ಕೆ ಎಷ್ಟು ಪರ್ಸೆಂಟ್?

ಕೊಪ್ಪ: ಅಡಿಕೆಗೆ ಕೊಳೆರೋಗ ಬಾರದ ಹಾಗೆ ಶೇ. 1ರ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯಲು 200 ಲೀಟರ್ ಡ್ರಮ್ಮಿಗೆ ಒಂದು ಕೆಜಿ ಮೈಲುತುತ್ತು ಸಾಕಲ್ವಾ?

ತೀರ್ಥಹಳ್ಳಿ ತೋಟ: 200 × 0.01. ಎರಡು ಕೆಜಿ. ಸುಣ್ಣವೂ ಎರಡು.

ಕೊಪ್ಪ: ನಮ್ಮಪ್ಪ ಒಂದೇ ಹಾಕುತ್ತಿದ್ದರು.

ಸಾಗರದ ಪಾತ್ರೆ ಅಂಗಡಿ: ಅದಕ್ಕೇ ನಿಮಗೆ ವರ್ಷವರ್ಷ ಕೊಳೆ.

ಕೊಪ್ಪ: ಕುಕ್ಕರ್ ಮಾರುವವರಿಗೆ ತೋಟದ ವಿಷಯ ಯಾಕೆ? ಅಪ್ಪ 60 ವರ್ಷ ತೋಟ ಮಾಡಿದವರು. ಅವರ 100 ಲೀಟರ್ ಡ್ರಮ್ಮು ಇನ್ನೂ ಅಟ್ಟದಲ್ಲಿದೆ.

ಮೇಷ್ಟ್ರು: 100 ಲೀಟರ್ ಅಲ್ವಾ? ಹಾಗಾದರೆ ನಿಮ್ಮಪ್ಪನ ಲೆಕ್ಕ ಸರಿ, ನಿಮ್ಮದು ತಪ್ಪು. ಸಾಕು ನಿಲ್ಲಿಸಿ.

ಶಿಕಾರಿಪುರ: ಸರ್, ಶೇ. 20 ಏರಿಸಿ ಶೇ. 20 ಇಳಿಸಿದರೆ ಅಷ್ಟೇ ಆಗುತ್ತದಾ?

ಮೇಷ್ಟ್ರು: ಮೇಲೆ ಓದಿ.

ಹೊಸನಗರ: ಸರ್, ನನ್ನ ಬಡ್ಡಿ?

ತೀರ್ಥಹಳ್ಳಿ ತೋಟ: ಮೇಷ್ಟ್ರೇ, ಹೋಗಿದ್ದೆ. ಮನೆಯಲ್ಲಿ ಇರಲಿಲ್ಲ. ಸೋಮವಾರದಿಂದ ಬೇರೆ ತೋಟಕ್ಕೆ ಹೋಗುತ್ತಿದ್ದಾನಂತೆ.